ಡಬ್ಬದ ನಿಂಬೆಗಿಡ ಸೊರಗಿದರೆ

ಹೊಲಗದ್ದೆಯ ಮಾತು ದಿನವೂ ಇದ್ದದ್ದೇ. ಈ ಹೊತ್ತು ಹಿತ್ತಿಲಿಗೆ ಬನ್ನಿ. ಎಣ್ಣೆಡಬ್ಬದಲ್ಲಿ ನೆಟ್ಟ ನಿಂಬೆಗಿಡವೊಂದು ಅನೇಕ ಮನೆಗಳಲ್ಲಿ ಇರುತ್ತದಷ್ಟೆ? ನಾಲ್ಕಾರು ವರ್ಷ ಹಣ್ಣು ಕೊಟ್ಟ ಗಿಡ ಒಂದು ದಿನ ಎಲೆ ಜೋತುಬಿಟ್ಟು ನಿಲ್ಲುತ್ತದೆ. ನೋಡಿದವರೆಲ್ಲ "ಅಯ್ಯೋ, ಬಾಯಾರಿದೆ" ಎಂದು ಒಂದೊಂದು ಚೊಂಬು ನೀರು ಹುಯ್ಯುತ್ತಾರೆ. ಅತ್ತೆ ಹುಯ್ದದ್ದು ಸೊಸೆಗೆ ಗೊತ್ತಿಲ್ಲ, ಸೊಸೆ ಹುಯ್ದದ್ದು ಅತ್ತೆಗೆ ಗೊತ್ತಿಲ್ಲ. ನಾನೂ ಹೀಗೆಯೇ ಒಂದು ಗಿಡವನ್ನು ಕೊಂದವನು, ಅದಕ್ಕೇ ಹೇಳುತ್ತಿದ್ದೇನೆ.

ನೀರಿಲ್ಲದಿದ್ದರೂ ಎಲೆ ಜೋಲುತ್ತದೆ, ನೀರು ಹೆಚ್ಚಾದರೂ ಜೋಲುತ್ತದೆ. ಬೇರಿಗೂ ಉಸಿರು ಬೇಕು ನೋಡಿ. ಡಬ್ಬದ ತೂತು ಕಟ್ಟಿಕೊಂಡು ನೀರು ನಿಂತರೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಆದ್ದರಿಂದ ಮೊದಲು ಚೊಂಬನ್ನು ಕೆಳಗಿಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಕೊಡಿ. ಒದ್ದೆಯಾಗಿದ್ದೂ ಗಿಡ ಸೊರಗಿದ್ದರೆ ತೊಂದರೆ ಬೇರಿನಲ್ಲಿರಬೇಕು.

ಜೀವ ಉಳಿದಿದೆಯೋ ಇಲ್ಲವೋ? ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಕೆಳಕೆಳಕ್ಕೆ ಕೆರೆಯುತ್ತ ಬನ್ನಿ. ಹಸಿರು ಸಿಕ್ಕಿದಲ್ಲಿಗೆ ಕತ್ತರಿಸಿಬಿಡಿ.

ಬಳಿಕ ಸಂಜೆ ತಂಪಿನಲ್ಲಿ ಡಬ್ಬವನ್ನು ಒರಗಿಸಿ ಗಿಡವನ್ನು ಮೆಲ್ಲಗೆ ಹೊರತೆಗೆಯಿರಿ. ತಿಳಿಬಣ್ಣದ ಗಟ್ಟಿ ಬೇರು ಒಳ್ಳೆಯದು. ಕಪ್ಪಾಗಿ ನಾರುವ, ಹಿಸುಕಿದರೆ ಸಿಪ್ಪೆ ಕಳಚಿಕೊಳ್ಳುವ ಬೇರನ್ನು, ಬೆಂಕಿಗೆ ಹಿಡಿದು ಆರಿಸಿದ ಚಾಕುವಿನಿಂದ ಕೊಯ್ದು ಹಾಕಿ. ಕೆಲವು ಸಲ ಕೊಳೆತಿರುವುದಿಲ್ಲ; ಬೇರೆಲ್ಲ ಡಬ್ಬದೊಳಗೆ ಸಿಂಬಿಯಂತೆ ಸುತ್ತಿಕೊಂಡಿರುತ್ತದೆ. ಜಪಾನಿನವರು ಬೋನ್ಸಾಯ್ ಎಂದು ತಟ್ಟೆಯಂಥ ಕುಂಡದಲ್ಲಿ ಮರಗಳನ್ನೇ ಗಿಡ್ಡವಾಗಿ ಸಾಕುತ್ತಾರಲ್ಲ, ಅವರೂ ಕೆಲವು ವರ್ಷಕ್ಕೊಮ್ಮೆ ಬೇರು ಸವರಿ ಮಣ್ಣು ಬದಲಾಯಿಸುತ್ತಾರೆ. ನಾವೋ ಡಬ್ಬ ತುಕ್ಕು ಹಿಡಿದು ಒಡೆಯುವವರೆಗೂ ಅಲುಗಿಸುವುದಿಲ್ಲ!

ಡಬ್ಬದ ತಳಕ್ಕೆ ನಾಲ್ಕೈದು ತೂತು ಹೊಡೆದು ಹೆಂಚಿನ ಚೂರು ಹಾಕಿ. ಕೆಂಪು ಮಣ್ಣು 2 ಪಾಲು, ಮರಳು 1 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು ಸಾಕು. ಹಸಿ ಸಗಣಿ ಬೇಡವೇ ಬೇಡ. ಕಾಂಡವನ್ನು ಮೊದಲಿಗಿಂತ ಆಳಕ್ಕೆ ಹೂಳಬೇಡಿ. ಒಮ್ಮೆ ನೀರು ಕೊಟ್ಟು, ಡಬ್ಬವನ್ನು ಎರಡು ಇಟ್ಟಿಗೆಯ ಮೇಲೆ, ಎರಡು ಮೂರು ವಾರ ನೆರಳಿನಲ್ಲಿಡಿ. ಹೂವು ಕಾಯಿ ಇದ್ದರೆ, ಮನಸ್ಸು ಬಾರದಿದ್ದರೂ, ಚಿವುಟಿಬಿಡಿ. ಹೊಸ ಚಿಗುರು ಬರುವವರೆಗೆ ಬೇರೆ ಗೊಬ್ಬರ ಹಾಕಬೇಡಿ.

ಚಿಗುರು ಬಂದಾಗ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಕಡ್ಡಿಯಿಂದ ಮುಟ್ಟಿ ನೋಡಿ. ಅಲುಗಿದರೆ ಅದು ಚಿಗುರು ತಿನ್ನುವ ಹುಳು. ಆಗಲೇ ಹಿಡಿದು ಕೋಳಿಗೆ ಹಾಕಿ.