ಆಕಾಶದ ದೂರ, ಪಯಣದ ಹೊತ್ತು



ನಮ್ಮೂರು ಹಳ್ಳಿಖೇಡ (ಬಿ), ಬೀದರಿಗೂ ಹುಮನಾಬಾದಿಗೂ ನಡುವಣದು. ಕಂಸದೊಳಗಿನ ‘ಬಿ’ ಎಂದರೆ ಬುಜುರ್ಗ್, ಹಿರಿದು, ಫಾರ್ಸಿ ಶಬ್ದ. ‘ಕೆ’ ಎಂದಿದ್ದರೆ ಖುರ್ದ್, ಕಿರಿದು. ಊರು ಹಿರಿದಾದರೇನು, ಬೆಂಗಳೂರು ನಮಗೆ ದೂರವೇ. “ಈಗ ವಿಮಾನ ಬಂದದಲ್ಲ ಗುರುಗಳೇ, ಎಷ್ಟು ತಾಸಿನ ಹಾದಿ?” ಎಂದು ಪಾಲಕರು ಕೇಳುವುದುಂಟು. ಮಗಳ ಪರೀಕ್ಷೆಗೋ ಮನೆಯವರ ಚಿಕಿತ್ಸೆಗೋ ಹೊರಟವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ದೂರದ ಲೆಕ್ಕ ಸುಲಭ. ಬೀದರಿನ ವಿಮಾನನಿಲ್ದಾಣ ಉತ್ತರ ಅಕ್ಷಾಂಶ 17 ಅಂಶ 54 ಕಲೆಯಲ್ಲಿದೆ. ಬೆಂಗಳೂರಿನದು 13 ಅಂಶ 12 ಕಲೆಯಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಅಂಶಕ್ಕೆ 60 ಕಲೆಯಂತೆ ಅಂತರ 282 ಕಲೆ. ಕಲೆಗೊಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರು. ಗುಣಿಸಿದರೆ ಸುಮಾರು 522. ರಸ್ತೆಯಾದರೋ 700ರ ಆಸುಪಾಸು.

ಹೊತ್ತಿನ ಲೆಕ್ಕ ಇಷ್ಟು ಸರಳವಲ್ಲ. ಬೀದರಿನದು ವಾಯುಪಡೆಯ ನೆಲೆ. ತರಬೇತಿಯ ವಿಮಾನಗಳನ್ನು ತಲೆಯೆತ್ತಿ ನೋಡುತ್ತಲೇ ಬಂದಿದ್ದ ನಮಗೆ ಅಲ್ಲಿಂದ ಹಾರುವ ಅವಕಾಶ ದೊರೆತದ್ದು 2020ರ ಫೆಬ್ರುವರಿಯಲ್ಲಿ, ‘ಉಡಾನ್’ ಯೋಜನೆಯಡಿ. ಮೊದಲು ಬಂದದ್ದು ಪಂಖದ ಎ.ಟಿ.ಆರ್. ವಿಮಾನ, ವೇಗ ತಾಸಿಗೆ 500 ಕಿಲೋಮೀಟರಿನಷ್ಟು. ಹಾಗಾದರೆ ಒಂದೇ ತಾಸಿನ ಹಾದಿಯೇ? ಅಲ್ಲ. ನೆಲದ ಮೇಲೆ ಉರುಳಬೇಕು, ಮೇಲೇರಬೇಕು, ಬೆಂಗಳೂರಿನಲ್ಲಿ ಇಳಿಯಲು ಸರದಿ ಕಾಯಬೇಕು, ಎದುರುಗಾಳಿ ಬೇರೆ. ಹಳ್ಳಿಖೇಡದಿಂದ ಬೀದರಿಗೆ ಒಂದು ತಾಸು, ತಪಾಸಣೆಗೆಂದು ಮುಂಚಿತವಾಗಿ ಹೋಗಿ ಕೂರಲು ಒಂದೂವರೆ, ದೇವನಹಳ್ಳಿಯಿಂದ ನಗರದೊಳಕ್ಕೆ ಮತ್ತೊಂದು. ಎಲ್ಲ ಕೂಡಿ ಐದಾರು ತಾಸಾದೀತು. ರಾತ್ರಿಯಿಡೀ ರೈಲಿನಲ್ಲಿ ಕೂರುವುದಕ್ಕಿಂತ ಇದು ಲಾಭವೇ ಸರಿ. ಆದರೆ ಈ ವಿಮಾನಸೇವೆ ನಡುನಡುವೆ ನಿಂತದ್ದೂ ಉಂಟು, ಮರಳಿ ಬಂದದ್ದೂ ಉಂಟು; ಗಂಟು ಕಟ್ಟುವ ಮುನ್ನ ವಿಚಾರಿಸಿಕೊಳ್ಳಬೇಕು.

ಇನ್ನು ಕಲಬುರಗಿ. ಅಲ್ಲಿಯ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಬೀದರಿನ ನಿಲ್ದಾಣಕ್ಕಿಂತ ಅದು 36 ಕಲೆ ದಕ್ಷಿಣಕ್ಕೆ, 32 ಕಲೆ ಪಶ್ಚಿಮಕ್ಕೆ. ರೇಖಾಂಶದ ಕಲೆ ನಮ್ಮ ಸೀಮೆಯಲ್ಲಿ ತುಸು ಕುಗ್ಗುವುದರಿಂದ ಆ 32ಕ್ಕೆ 30 ಮೈಲಿ ಹಿಡಿಯಿರಿ. ಲಂಬಕೋನ ತ್ರಿಭುಜದ ಕರ್ಣ ತೆಗೆದರೆ 47 ಮೈಲಿ, ಅಂದರೆ 87 ಕಿಲೋಮೀಟರು. ಪೂರ್ಣ ವೇಗದಲ್ಲಿ ಹತ್ತು ನಿಮಿಷ! ಆದರೆ ವಿಮಾನ ಏರಿ ಮುಗಿಸುವುದರೊಳಗೆ ಇಳಿಯತೊಡಗಬೇಕಾದೀತು. ಅಷ್ಟಕ್ಕಾಗಿ ಬೀದರಿಗೆ ಹಿಂದೆ ಹೋಗಿ ಒಂದೂವರೆ ತಾಸು ಕಾಯುವವರು ಯಾರು?

ಇಲ್ಲಿ ನಮಗೆ ಒದಗಿದ್ದು ನೆಲದ ಹಾದಿಯೇ. ಹುಮನಾಬಾದಿನ ಮೇಲೆ ಹಾಯುವ ಬೀದರ–ಕಲಬುರಗಿ ರೈಲುಮಾರ್ಗ, ಸುಮಾರು 110 ಕಿಲೋಮೀಟರಿನದು, 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿತು. ಅದಕ್ಕೆ ಮೊದಲು ಬೀದರಿನಿಂದ ರೈಲಿನಲ್ಲಿ ಕಲಬುರಗಿಗೆ ಹೋಗಬೇಕೆಂದರೆ ವಿಕಾರಾಬಾದು, ವಾಡಿ ಸುತ್ತಬೇಕಿತ್ತು. ಹೈಕೋರ್ಟಿನ ಪೀಠವೂ ದೊಡ್ಡ ಆಸ್ಪತ್ರೆಗಳೂ ಕಲಬುರಗಿಯಲ್ಲಿವೆ. ಅಲ್ಲಿಗೆ ಹೋಗುವ ನಮ್ಮ ಕಡೆಯವರಿಗೆ ಬೇಕಾದದ್ದು ಮುಂಜಾನೆ ಹೋಗಿ, ಕೆಲಸ ಮುಗಿಸಿ, ಸಂಜೆಯ ಊಟಕ್ಕೆ ಮನೆ ಸೇರಿಸುವ ಗಾಡಿ.