ನಾಯಿಮರಿಗೆ ಲಸಿಕೆ: ಎಂದು, ಎಷ್ಟು ಸಲ, ಏಕೆ?

(ವಾರ್ಷಿಕ ಪಾಲಕರ ಸಮ್ಮೇಲನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪಾಲಕರ ಸಮ್ಮೇಲನದಲ್ಲಿ ಮುಖ್ಯಾಧ್ಯಾಪಕನಾದವನು ಪರೀಕ್ಷೆಯ ಫಲ, ಹಾಜರಿ, ಕಟ್ಟಡನಿಧಿ ಇವುಗಳ ಮಾತನ್ನಾಡುವುದು ವಾಡಿಕೆ. ಅವೆಲ್ಲವೂ ಸಂಸ್ಥೆಯ ವರದಿಯಲ್ಲಿ ಅಚ್ಚಾಗಿರುವುದರಿಂದ ನಾವು ಅವನ್ನು ಮತ್ತೆ ಹೇಳುವುದಿಲ್ಲ. ಇಂದು ನಾವು ಒಂದು ನಾಯಿಮರಿಯ ವಿಷಯವನ್ನು ಹೇಳಬೇಕೆಂದಿದ್ದೇವೆ. ಇದನ್ನು ಕೇಳಿ ಕೆಲವರಿಗೆ ನಗು ಬಂದೀತು. ಆದರೆ ನಮ್ಮ ಮಕ್ಕಳು ಕೇಳಿದ ಒಂದು ಪ್ರಶ್ನೆಗೆ ನಾವು ಉತ್ತರ ಕೊಡದೆ ಎರಡು ವರ್ಷಗಳು ಕಳೆದಿವೆ. ಆ ಸಾಲವನ್ನು ಇಂದು ತೀರಿಸಬೇಕಾಗಿದೆ.

ಎರಡು ವರ್ಷಗಳ ಹಿಂದೆ, ಶ್ರಾವಣದ ಜಡಿಮಳೆಯಲ್ಲಿ, ಒಂದು ಕರಿಯ ಮರಿ ನಮ್ಮ ಶಾಲೆಯ ಪಡಸಾಲೆಯನ್ನು ಸೇರಿತು. ಮಕ್ಕಳು ಅದಕ್ಕೆ ಕಾಳ್ಯಾ ಎಂದು ಹೆಸರಿಟ್ಟರು. ತಮ್ಮ ಬುತ್ತಿಯ ರೊಟ್ಟಿಯಲ್ಲಿ ಪಾಲು ಕೊಟ್ಟರು. ನಾವೂ ಕನಿಕರಪಟ್ಟು ಅದನ್ನು ಪಶುವೈದ್ಯರಲ್ಲಿಗೆ ಒಯ್ದು ಸೂಜಿ ಮಾಡಿಸಿದೆವು. ಒಂದೇ ಸೂಜಿ. “ಮುಂದಿನ ತಿಂಗಳು ತಪ್ಪದೆ ತನ್ನಿರಿ” ಎಂದು ವೈದ್ಯರು ಬರೆದುಕೊಟ್ಟ ಚೀಟಿ ನಮ್ಮ ಮೇಜಿನ ಖಾನೆಯಲ್ಲಿಯೇ ಉಳಿಯಿತು. ಸಹಾಮಾಹಿ ಪರೀಕ್ಷೆಯ ಗಡಿಬಿಡಿಯಲ್ಲಿ ನಾವು ಅದನ್ನು ಮರೆತೆವು. ಆರನೆಯ ವಾರದಲ್ಲಿ ಮರಿ ಅನ್ನವನ್ನು ಬಿಟ್ಟಿತು; ವಾಂತಿಯೂ ರಕ್ತಭೇದಿಯೂ ಆರಂಭವಾದುವು; ಮೂರನೆಯ ದಿನ ಅದು ತೀರಿಕೊಂಡಿತು. ವೈದ್ಯರು ಅದನ್ನು ಪಾರ್ವೋ ಎಂಬ ರೋಗವೆಂದು ಹೇಳಿದರು. ಬೇವಿನ ಗಿಡದ ಬುಡದಲ್ಲಿ ಅದನ್ನು ಹೂಳುವಾಗ ಒಬ್ಬ ಹುಡುಗಿ ಕೇಳಿದಳು: “ಗುರುಗಳೇ, ಸೂಜಿ ಮಾಡಿಸಿದ್ದೆವಲ್ಲ, ಮತ್ತೇಕೆ ಸತ್ತಿತು?” ಅಂದು ನಮ್ಮಲ್ಲಿ ಉತ್ತರವಿರಲಿಲ್ಲ.

ಈ ವರ್ಷದ ಮೃಗಶಿರಾ ಮಳೆಯಲ್ಲಿ ಮತ್ತೊಂದು ಮರಿ ಬಂದಿತು. ಇದು ಕಂದು ಬಣ್ಣದ್ದು. ಮಕ್ಕಳು ಅದನ್ನು ಎತ್ತಿಕೊಂಡು ಆಫೀಸಿನ ಬಾಗಿಲಲ್ಲಿ ನಿಂತರು. ಈ ಸಲ ನಾವು ಅವಸರಪಡಲಿಲ್ಲ. ಶಿಕ್ಷಕರೆಲ್ಲರೂ ಕೂಡಿ ಕುಳಿತೆವು, ವೈದ್ಯರನ್ನು ಕೇಳಿದೆವು, ಓದಿದೆವು. ಒಬ್ಬ ಶಿಕ್ಷಕರು, “ಮಕ್ಕಳ ಕ್ಷೇಮಕ್ಕಾಗಿ ಹುಚ್ಚುನಾಯಿ ರೋಗದ ಸೂಜಿಯೊಂದು ಸಾಕು, ಉಳಿದುವು ವೆಚ್ಚದ ಮಾತು” ಎಂದರು. ಇನ್ನೊಬ್ಬರು, “ಸಾಕುವುದಾದರೆ ಪೂರ್ತಿ ಸಾಕಬೇಕು, ಇಲ್ಲವಾದರೆ ಸಾಕಲೇಬಾರದು” ಎಂದರು. ಎರಡನೆಯ ಮಾತೇ ಕೊನೆಗೆ ನಿಂತಿತು. ಅದು ಏಕೆ ನಿಂತಿತೆಂಬುದನ್ನು ಹೇಳಿದರೆ ಆ ಹುಡುಗಿಯ ಪ್ರಶ್ನೆಗೂ ಉತ್ತರ ದೊರೆಯುತ್ತದೆ.

ಆಕಳು ಈದಾಗ ಮೊದಲಿನ ಹಾಲನ್ನು ಗಿಣ್ಣವೆನ್ನುತ್ತೇವೆ. ನಾಯಿಯ ಮೊದಲ ಹಾಲೂ ಅಂಥದೇ. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳು ಆ ಹಾಲಿನ ಮೂಲಕ ಮರಿಗೆ ಬರುತ್ತವೆ. ಅದೂ ಹೆಚ್ಚಾಗಿ ಹುಟ್ಟಿದ ಮೊದಲಿನ ಒಂದು ದಿನದೊಳಗೆ. ಇದು ತಾಯಿ ಮಗುವಿಗೆ ಕಟ್ಟಿಕೊಟ್ಟ ಬುತ್ತಿ. ಬುತ್ತಿ ಇರುವವರೆಗೆ ಮರಿಗೆ ರಕ್ಷಣೆಯುಂಟು. ಆದರೆ ಬುತ್ತಿಯಿರುವಾಗ ಯಾರು ತಾನೇ ಒಲೆ ಹೂಡುತ್ತಾರೆ? ಲಸಿಕೆಯೆಂಬುದು ಮರಿಯ ದೇಹಕ್ಕೆ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳಲು ಕಲಿಸುವ ಪಾಠ. ತಾಯಿಯಿಂದ ಬಂದ ನಿರೋಧಕ ವಸ್ತುಗಳು ಬಲವಾಗಿರುವಾಗ ಲಸಿಕೆ ಹಾಕಿದರೆ, ಅವು ಲಸಿಕೆಯನ್ನೇ ಹಿಡಿದು ವ್ಯರ್ಥಗೊಳಿಸುತ್ತವೆ. ದೇಹವು ಪಾಠವನ್ನು ಕಲಿಯುವುದಿಲ್ಲ.

ಈ ಬುತ್ತಿ ಎಂದು ತೀರುತ್ತದೆಂಬುದೇ ಕಷ್ಟದ ಪ್ರಶ್ನೆ. ಒಂದು ಮರಿಯಲ್ಲಿ ಎಂಟು ವಾರಕ್ಕೆ ತೀರುತ್ತದೆ, ಇನ್ನೊಂದರಲ್ಲಿ ಹನ್ನೆರಡು ವಾರಕ್ಕೆ, ಮತ್ತೊಂದರಲ್ಲಿ ಹದಿನಾರು ವಾರಗಳವರೆಗೂ ಉಳಿಯುತ್ತದೆ. ಒಂದೇ ಸೂಲಿನ ಮರಿಗಳಲ್ಲಿಯೂ ಭೇದವಿರುತ್ತದೆ. ಅದಕ್ಕಿಂತ ಅಪಾಯದ ಮಾತೆಂದರೆ, ನಡುವೆ ಕೆಲವು ದಿನಗಳು ಬರುತ್ತವೆ. ಆಗ ಉಳಿದ ಬುತ್ತಿಯು ರೋಗವನ್ನು ತಡೆಯಲು ಸಾಲದು, ಆದರೆ ಲಸಿಕೆಯನ್ನು ಕೆಡಿಸಲು ಸಾಕು. ಹೊರಗಿನಿಂದ ನೋಡಿ ಈ ದಿನಗಳನ್ನು ಗುರುತಿಸಲು ಬಾರದು. ಆದುದರಿಂದಲೇ ಬಲ್ಲವರು ಲಸಿಕೆಯನ್ನು ಒಮ್ಮೆ ಹಾಕಿ ಬಿಡದೆ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ ಹಾಕಬೇಕೆಂದು ವಿಧಿಸಿದರು. ಮೊದಲಿನದು ಹಿಡಿಯದಿದ್ದರೆ ಎರಡನೆಯದು, ಎರಡನೆಯದೂ ಹಿಡಿಯದಿದ್ದರೆ ಮೂರನೆಯದು. ಎಲ್ಲಕ್ಕಿಂತ ಮುಖ್ಯವಾದುದು ಹದಿನಾರು ವಾರ ತುಂಬಿದ ಮೇಲಿನ ಸೂಜಿ. ನಾವು ಕಾಳ್ಯಾನಿಗೆ ಮೊದಲಿನದನ್ನು ಮಾತ್ರ ಹಾಕಿಸಿ, ಕೆಲಸ ಮುಗಿಯಿತೆಂದು ತಿಳಿದಿದ್ದೆವು. ಹುಡುಗಿಯ ಪ್ರಶ್ನೆಗೆ ಇದೇ ಉತ್ತರ: ಸೂಜಿ ಸುಳ್ಳಾಗಲಿಲ್ಲ, ನಾವು ಅದನ್ನು ಅರ್ಧಕ್ಕೆ ಬಿಟ್ಟೆವು.

ಈಗ ಹೊಸ ಮರಿಗೆ ನಾವು ವೈದ್ಯರೊಡನೆ ಕುಳಿತು ಗೊತ್ತುಪಡಿಸಿದ ಕ್ರಮವನ್ನು ಹೇಳುತ್ತೇವೆ. ಮೊದಲು ವಯಸ್ಸು ತಿಳಿಯಬೇಕು. ಬೀದಿಯಲ್ಲಿ ಹುಟ್ಟಿದ ಮರಿಗೆ ಜಾತಕವಿಲ್ಲ. ವೈದ್ಯರು ಹಲ್ಲು ನೋಡಿ ಅಂದಾಜು ಮಾಡಿದರು. ಹಾಲುಹಲ್ಲುಗಳು ಎಂಟು ವಾರದ ಹೊತ್ತಿಗೆ ಬಹುಮಟ್ಟಿಗೆ ಮೂಡಿರುತ್ತವೆ. ಮುಂದಿನ ಹಲ್ಲುಗಳು ಬಿದ್ದು ಹೊಸವು ಬರುವುದು ಮೂರರಿಂದ ಐದು ತಿಂಗಳ ನಡುವೆ. ನಮ್ಮ ಮರಿಗೆ ಸುಮಾರು ಎಂಟು ವಾರಗಳೆಂದು ಗೊತ್ತಾಯಿತು. ಆ ಮೇಲೆ ಜಂತಿನ ಔಷಧ ಕೊಡಿಸಿ, ಮರಿ ಲವಲವಿಕೆಯಿಂದಿರುವುದನ್ನು ಕಂಡು, ಈ ಪಟ್ಟಿಯನ್ನು ಬರೆದೆವು:

ಎಂಟನೆಯ ವಾರ: ಡಿಸ್ಟೆಂಪರ್, ಪಾರ್ವೋ ಮತ್ತು ಯಕೃತ್ತಿನ ಉರಿಯೂತ ಇವುಗಳ ಕೂಡುಲಸಿಕೆ, ಮೊದಲ ಸಲ.
ಹನ್ನೆರಡನೆಯ ವಾರ: ಅದೇ ಕೂಡುಲಸಿಕೆ, ಎರಡನೆಯ ಸಲ, ಇಲಿಜ್ವರದ ಲಸಿಕೆ, ಮೊದಲ ಸಲ, ರೇಬೀಸ್ ಲಸಿಕೆ.
ಹದಿನಾರನೆಯ ವಾರ ತುಂಬಿದ ಮೇಲೆ: ಕೂಡುಲಸಿಕೆ, ಮೂರನೆಯ ಸಲ; ಇಲಿಜ್ವರದ ಲಸಿಕೆ, ಎರಡನೆಯ ಸಲ.
ಆರು ತಿಂಗಳು ತುಂಬಿದ ಮೇಲೆ: ಕೂಡುಲಸಿಕೆ, ಇನ್ನೊಮ್ಮೆ.
ಮರುವರ್ಷ: ರೇಬೀಸ್ ಮತ್ತು ಇಲಿಜ್ವರದ ಲಸಿಕೆಗಳು, ಮುಂದೆ ವರ್ಷ ವರ್ಷವೂ ವೈದ್ಯರು ಹೇಳಿದಂತೆ.

ಆರು ತಿಂಗಳಿನ ಸೂಜಿ ಹಲವರಿಗೆ ಹೊಸದಾಗಿ ತೋರೀತು. ಹಿಂದೆ ಇದನ್ನು ವರ್ಷ ತುಂಬಿದ ಮೇಲೆ ಹಾಕುವ ರೂಢಿಯಿತ್ತು. ಹದಿನಾರು ವಾರದ ಮೇಲೂ ಬುತ್ತಿ ಉಳಿದ ಮರಿಗಳು ಕೆಲವುಂಟು. ಅವು ವರ್ಷ ತುಂಬುವವರೆಗೆ ರಕ್ಷಣೆಯಿಲ್ಲದೆ ತಿರುಗಬಾರದೆಂದು ಸಣ್ಣಪ್ರಾಣಿಗಳ ಪಶುವೈದ್ಯರ ವಿಶ್ವಸಂಘವು ತನ್ನ 2024 ರ ಸೂಚನೆಗಳಲ್ಲಿ ಇದನ್ನು ಮುಂದಕ್ಕೆ ತಂದಿದೆ. ಕೂಡುಲಸಿಕೆಯು ಒಮ್ಮೆ ಚೆನ್ನಾಗಿ ಹಿಡಿದರೆ ಆ ಮೇಲೆ ಮೂರು ವರ್ಷಗಳಿಗೊಮ್ಮೆ ಸಾಕೆಂದೂ ಆ ಸಂಘ ಹೇಳುತ್ತದೆ. ಹೀಗೆ ಅಗತ್ಯವಿದ್ದಲ್ಲಿ ಒಂದು ಹೆಚ್ಚಿಗೆ, ಅಗತ್ಯವಿಲ್ಲದಲ್ಲಿ ಕಡಿಮೆ. ಇದು ಶಾಸ್ತ್ರದ ನಡೆ.

ಇಲಿಜ್ವರದ ಸೂಜಿ ನಮ್ಮೂರಿಗೆ ಏಕೆ ಬೇಕೆಂದು ಕೇಳುವವರು ತಾಮ್ರಪರ್ಣಿಯನ್ನು ನೆನೆಯಬೇಕು. 2019 ರಲ್ಲಿ ಹೊಳೆ ಉಕ್ಕಿ ಕೋವಾಡದ ಪೇಟೆಯೊಳಗೆ ನುಗ್ಗಿದುದನ್ನು ನೀವೆಲ್ಲರೂ ಕಂಡಿದ್ದೀರಿ. ಇಲಿಯ ಮೂತ್ರ ಬೆರೆತ ನೆರೆಯ ನೀರು ಮತ್ತು ಕೆಸರು ಈ ರೋಗದ ಹಾದಿ. ಅದು ನಾಯಿಗೂ ಬರುತ್ತದೆ, ಮನುಷ್ಯನಿಗೂ ಬರುತ್ತದೆ.

ಪಾರ್ವೋ ರೋಗದ ವಿಷಾಣುವಾದರೋ ಹೊಸದು. ಅದು ಜಗತ್ತಿನ ಗಮನಕ್ಕೆ ಬಂದದ್ದು 1978 ರಲ್ಲಿ. ಎರಡು ವರ್ಷಗಳೊಳಗಾಗಿ ಖಂಡಖಂಡಗಳಲ್ಲಿ ಹಬ್ಬಿತು. ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಬೂನಿನಿಂದ ಹೋಗುವುದಿಲ್ಲ. ಆದುದರಿಂದ ಕಾಳ್ಯಾ ಮಲಗುತ್ತಿದ್ದ ಪಡಸಾಲೆಯನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಿಸಿದೆವು. ಹೊಸ ಮರಿಯನ್ನು ಸೂಜಿಗಳು ಪೂರ್ತಿಯಾಗುವವರೆಗೆ ಒಬ್ಬ ಶಿಕ್ಷಕರ ಮನೆಯಲ್ಲಿಟ್ಟೆವು. ಮಕ್ಕಳು ದಿನವೂ ಅಲ್ಲಿಗೆ ಹೋಗಿ, ಕೈಕಾಲು ತೊಳೆದು, ಅದರೊಡನೆ ಆಡಿ ಬರುತ್ತಿದ್ದರು. ಎಳೆಯ ಮರಿ ಮನುಷ್ಯರ ಸಹವಾಸದಲ್ಲಿ ಬೆಳೆಯಲೂ ಬೇಕಲ್ಲವೇ?

ಈಗ ಎಲ್ಲಕ್ಕಿಂತ ದೊಡ್ಡ ಮಾತು. ಕಾಳ್ಯಾ ಸತ್ತ ಮರುದಿನ ಐದನೆಯ ಇಯತ್ತೆಯ ಒಬ್ಬ ಹುಡುಗ ಅಳುತ್ತ ನಮ್ಮ ಬಳಿ ಬಂದ. ನಾಲ್ಕು ದಿನಗಳ ಹಿಂದೆ ಆಡುವಾಗ ಮರಿಯ ಹಲ್ಲು ಅವನ ಅಂಗೈಗೆ ನಾಟಿ ರಕ್ತ ಬಂದಿತ್ತು. ಅವನು ಮನೆಯಲ್ಲಿ ಹೇಳಿರಲಿಲ್ಲ. ಏಕೆಂದು ಕೇಳಿದೆವು. “ಅಪ್ಪ ಹೊಡೆಯುತ್ತಾರೆ, ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕುತ್ತಾರೆಂದು ಅಜ್ಜ ಹೇಳಿದ್ದಾರೆ” ಎಂದ. ಆ ಕ್ಷಣದಲ್ಲಿ ನಮ್ಮ ಎದೆ ನಡುಗಿದುದನ್ನು ನಾವು ಮರೆಯಲಾರೆವು. ಆ ಮರಿಗೆ ರೇಬೀಸ್ ಲಸಿಕೆ ಆಗಿರಲಿಲ್ಲ; ಅದಾಗಲೇ ಮಣ್ಣಿನಲ್ಲಿ ಸೇರಿತ್ತು. ಪಾರ್ವೋ ಎಂದು ವೈದ್ಯರು ಹೇಳಿದ್ದರೂ ಇಂಥ ವಿಷಯದಲ್ಲಿ ಅಂದಾಜಿನ ಮೇಲೆ ಮಗುವಿನ ಪ್ರಾಣವನ್ನಿಡಲಾಗದು. ಆ ದಿನವೇ ಅವನ ತಂದೆಯನ್ನು ಕರೆಯಿಸಿ ಸರಕಾರಿ ದವಾಖಾನೆಗೆ ಹೋದೆವು. ಹುಡುಗನು ಎಲ್ಲ ಸೂಜಿಗಳನ್ನು ಪೂರೈಸಿದ. ಇಂದು ಈ ಸಭೆಯಲ್ಲಿಯೇ ಕುಳಿತಿದ್ದಾನೆ.

ಅಜ್ಜನ ಮಾತು ಸುಳ್ಳಲ್ಲ, ಹಳೆಯದು. 1885 ರ ಜುಲೈ 6 ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ತರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಈ ಚಿಕಿತ್ಸೆಯನ್ನು ಆರಂಭಿಸಿ ಅವನನ್ನು ಉಳಿಸಿದ. ನಮ್ಮ ದೇಶದಲ್ಲಿ 1900 ರಲ್ಲಿ ಕಸೌಲಿಯಲ್ಲಿಯೂ 1907 ರಲ್ಲಿ ಕೂನೂರಿನಲ್ಲಿಯೂ ಪಾಸ್ತರನ ಹೆಸರಿನ ಸಂಸ್ಥೆಗಳಾದುವು. ಬಹುಕಾಲ ಹೊಟ್ಟೆಗೆ ಹಾಕುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ಇಪ್ಪತ್ತು ವರ್ಷಗಳ ಹಿಂದೆಯೇ ಬಿಟ್ಟುಕೊಡಲಾಗಿದೆ. ಈಗ ತೋಳಿಗೆ ಹಾಕುವ ಕೆಲವೇ ಸೂಜಿಗಳು. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಹಾಕುವ ಇನ್ನೊಂದು ಔಷಧ. ಆದರೆ ರೋಗದ ಲಕ್ಷಣಗಳು ಒಮ್ಮೆ ತೋರಿದವೆಂದರೆ ಬದುಕಿಸುವ ಔಷಧ ಇಂದಿಗೂ ಇಲ್ಲವೆಂದೇ ಹೇಳಬೇಕು.

ಬಾಲಕ ಬಾಲಿಕೆಯರೇ, ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ, ಆ ಭಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಖಾರದ ಪುಡಿ, ಸುಣ್ಣ ಇವನ್ನು ಹಚ್ಚಬೇಡಿರಿ. ಒಡನೆಯೇ ದೊಡ್ಡವರಿಗೆ ಹೇಳಿ ದವಾಖಾನೆಗೆ ಹೋಗಿರಿ. ಕಚ್ಚಿದ ನಾಯಿಗೆ ಲಸಿಕೆಯಾಗಿದ್ದರೂ ಹೋಗಿರಿ. ಪಾಲಕರೇ, ನಿಮ್ಮಲ್ಲಿ ನಮ್ಮದೊಂದು ಬೇಡಿಕೆ: ನಾಯಿ ಕಚ್ಚಿತೆಂದು ಹೇಳಿಕೊಂಡು ಬಂದ ಮಗುವನ್ನು ಬಯ್ಯಬೇಡಿರಿ. ಬಯ್ಗುಳಕ್ಕೆ ಅಂಜಿ ಮುಚ್ಚಿಟ್ಟ ಗಾಯವೇ ಎಲ್ಲಕ್ಕಿಂತ ಅಪಾಯದ ಗಾಯ.

ಒಂದು ಮರಿಗೆ ಸೂಜಿ ಹಾಕಿದರೆ ಒಂದು ಮರಿ ಉಳಿಯುತ್ತದೆ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ರೇಬೀಸ್ ಲಸಿಕೆಯಾದರೆ ರೋಗಕ್ಕೆ ಹಾದಿಯೇ ಕಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಚಂದಗಡದ ಘಟ್ಟದ ಕೆಳಗಿನ ಗೋವೆಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಬೀದಿಬೀದಿಯ ನಾಯಿಗಳಿಗೆ ವರ್ಷವರ್ಷವೂ ಲಸಿಕೆ ಹಾಕಿದರು. ಶಾಲೆಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದರು. 2021 ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಸಾರಲಾಯಿತು. ಬೆಳಗಾವಿಯ ವ್ಯಾಕ್ಸಿನ್ ಡಿಪೋ ಮೈದಾನವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅಲ್ಲಿ ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ದೇವಿ ಡಾಕ್ಟರರು ಮನೆಮನೆಗೆ ಬಂದು ಲಸಿಕೆ ಹಾಕಿದುದರಿಂದ ಆ ಮಹಾರೋಗ 1977 ರ ಹೊತ್ತಿಗೆ ನಮ್ಮ ದೇಶದಿಂದ ತೊಲಗಿತೆಂದು ಸಿದ್ಧವಾಯಿತು. ಅರ್ಧಕ್ಕೆ ಬಿಡದೆ ಮಾಡಿದುದೇ ಆ ಜಯದ ಗುಟ್ಟು.

ಹೊಸ ಮರಿಯ ಪಟ್ಟಿಯನ್ನು ಈ ಸಲ ನಾವು ಮೇಜಿನ ಖಾನೆಯಲ್ಲಿಡಲಿಲ್ಲ. ಏಳನೆಯ ಇಯತ್ತೆಯ ಗೋಡೆಗೆ ಅಂಟಿಸಿದ್ದೇವೆ. ಅಂದು ಪ್ರಶ್ನೆ ಕೇಳಿದ ಹುಡುಗಿಯ ತಂಗಿಯೇ ಅದರ ಮೇಲ್ವಿಚಾರಕಳು. ಹದಿನಾರು ವಾರ ತುಂಬಿದ ದಿನ ನಾವು ಬೇರೊಂದು ಸಭೆಯಲ್ಲಿದ್ದೆವು. ಅವಳು ಬಾಗಿಲಿಗೆ ಬಂದು, “ಗುರುಗಳೇ, ಇಂದು ಮೂರನೆಯ ಸೂಜಿ” ಎಂದಳು. ಸಭೆಯನ್ನು ಅಲ್ಲಿಗೇ ಮುಗಿಸಿ ನಾವು ಎದ್ದೆವು.

ನಿಮ್ಮ ಮನೆಗಳಲ್ಲಿಯೂ ನಾಯಿಗಳಿರುತ್ತವೆ. ಅವುಗಳ ಪಟ್ಟಿ ನಿಮ್ಮ ಗೋಡೆಯ ಮೇಲಿದೆಯೇ? ಇಂದು ಮನೆಗೆ ಹೋದ ಕೂಡಲೇ ನಿಮ್ಮ ಮಕ್ಕಳು ಇದನ್ನು ಕೇಳುವರು. ದಯವಿಟ್ಟು ಅವರಿಗೆ ಉತ್ತರ ಕೊಡಿರಿ. ನಮ್ಮಂತೆ ಎರಡು ವರ್ಷ ತಡಮಾಡಬೇಡಿರಿ.