ಮನೆ ಮಾರುವ ಮುನ್ನ



ನಿವೃತ್ತಿಯ ನಂತರ ತಾಯ್ನಾಡಿಗೆ ಮರಳಬೇಕೆಂದಾಗ ನಾನು ಮೊದಲು ಮಾಡಿದ ಕೆಲಸ ಕೂಕಟ್‌ಪಲ್ಲಿಯ ನನ್ನ ಮನೆಗೆ ಬಣ್ಣ ಬಳಿಸಿದ್ದು. ಕೊಳ್ಳಲು ಬಂದವರು ಗೋಡೆಯತ್ತ ಕಣ್ಣೆತ್ತಲಿಲ್ಲ, ಕಾಗದ ಕೇಳಿದರು.

ಹೌಸಿಂಗ್ ಬೋರ್ಡ್ ಕಾಲೊನಿಯ ಆ ಮನೆಯನ್ನು ಮೊದಲ ಹಂಚಿಕೆದಾರರಿಂದ ನಾನು ಪಡೆದದ್ದು ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ. ಹಣ ಕೊಟ್ಟೆ, ಬೀಗದ ಕೈ ಪಡೆದೆ, ಮನೆ ನನ್ನದೆಂದೇ ಬಾಳಿದೆ. ಇಂಥ ಅಧಿಕಾರಪತ್ರದಿಂದ ಒಡೆತನ ವರ್ಗವಾಗದು, ನೋಂದಾಯಿತ ಕ್ರಯಪತ್ರವೇ ಬೇಕೆಂದು ಸರ್ವೋಚ್ಚ ನ್ಯಾಯಾಲಯವು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲಿಯೇ ಸ್ಪಷ್ಟಪಡಿಸಿತ್ತು. ಪತ್ರಿಕೆಯಲ್ಲಿ ಓದಿಯೂ ಸುಮ್ಮನಿದ್ದೆ, ಆಲಸ್ಯ ನನ್ನದು. ಹಂಚಿಕೆದಾರರನ್ನು ಹುಡುಕಿ ಹೊರಟಾಗ ಅವರು ಕಾಲವಾಗಿದ್ದರು. ಒಬ್ಬ ಮಗ ವಿಜಯವಾಡದಲ್ಲಿ, ಇನ್ನೊಬ್ಬ ಹೊರದೇಶದಲ್ಲಿ. ಇಬ್ಬರ ಒಪ್ಪಿಗೆ ಪಡೆದು ಕ್ರಯಪತ್ರ ನೋಂದಾಯಿಸುವಷ್ಟರಲ್ಲಿ ಎರಡು ವರ್ಷ ಕಳೆಯಿತು. ಬಳಿದ ಬಣ್ಣವೂ ಮಾಸಿತು!

ದಲ್ಲಾಳಿ ಬೇಕೇ ಎಂದು ಹಲವರು ಕೇಳುತ್ತಾರೆ. ಗಿರಾಕಿಯನ್ನು ಕರೆತರುವುದರಲ್ಲಿ, ತೆಲುಗಿನಲ್ಲಿ ಚೌಕಾಸಿ ಮಾಡುವುದರಲ್ಲಿ ಅವರು ನಮಗಿಂತ ಸಮರ್ಥರು. ಆದರೆ ಕಾಗದದ ಸರಪಳಿಯಲ್ಲಿ ಕಳಚಿದ ಕೊಂಡಿಯನ್ನು ಅವರು ಬೆಸೆಯಲಾರರು. ದಲ್ಲಾಳಿಯ ಪಾಲೆಷ್ಟೆಂಬುದನ್ನು ಮೊದಲೇ ಬರೆಯಿಸಿಕೊಳ್ಳಿ. ಅವರ ಕೈಗೆ ನಕಲು ಕೊಡಿ, ಮೂಲಪತ್ರ ಬೇಡ.

ಇನ್ನೊಂದು ಮಾತು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ನೂರಕ್ಕೆ ಒಂದು ರೂಪಾಯಿಯನ್ನು ಆದಾಯ ತೆರಿಗೆಗೆಂದು ಮುರಿದುಕೊಳ್ಳಲೇಬೇಕು. ಅದು ತಿಳಿಯದೆ ನಾನು ಒಬ್ಬ ಸಜ್ಜನರೊಡನೆ ಜಗಳವಾಡಿದೆ.

ಮಾರುವ ಯೋಚನೆಯಿಲ್ಲದವರೂ ಈ ವಾರ ಪೆಟ್ಟಿಗೆ ತೆರೆದು ನೋಡಿ. ಅಲ್ಲಿರುವುದು ಅಧಿಕಾರಪತ್ರವಷ್ಟೇ ಆಗಿದ್ದರೆ, ಅದನ್ನು ಬರೆದುಕೊಟ್ಟ ಹಿರಿಯರು ಬದುಕಿರುವಾಗಲೇ ಅವರ ಮನೆಗೆ ಹೋಗಿಬನ್ನಿ.